ಇಂಗ್ಲಿಷ್ ಮನೆಯ ಹೊಸ್ತಿಲು

ಮೊನ್ನೆ ಮಗಳ ಅಡುಗೆಮನೆಯಲ್ಲಿ ಅರಿಶಿನದ ಪ್ಯಾಕೆಟ್ಟು ಒಡೆಯಿತು. ಗಂಟಲು ಕೆರೆತಕ್ಕೆ ಹಾಲಿಗೆ ಒಂದು ಚಿಟಿಕೆ ಹಾಕಿಕೊಳ್ಳೋಣವೆಂದು ಅದರ ತುದಿ ಕತ್ತರಿಸುತ್ತಿದ್ದೆ. ಕೈ ಜಾರಿ ಬಿಳಿಯ ಕೌಂಟರಿನ ಮೇಲೆಲ್ಲ ಚೆಲ್ಲಿತು. ಮಗಳಿಗೆ ಕೂಗಿ ಹೇಳಿದೆ. "ಅಪ್ಪಾ, ಒರೆಸ್ಬೇಡಿ, ಸ್ಟೇನ್ ಆಗತ್ತೆ, ನಾನೇ ಬಂದು ಕ್ಲೀನ್ ಮಾಡ್ತೀನಿ" ಎಂದು ಮಗಳು ಮಹಡಿಯಿಂದಲೇ ಕೂಗಿದಳು. ಅವಳು ಇಳಿದು ಬರುವಷ್ಟರಲ್ಲಿ ನಾನು ಎರಡೂ ಕೈ ಜೇಬಿಗೆ ತುರುಕಿಕೊಂಡು ಗೋಡೆಗೆ ಒರಗಿ ನಿಂತಿದ್ದೆನಂತೆ. "ಯಾಕಪ್ಪಾ, ಪೊಲೀಸ್ ಬಂದಿರೋ ಹಾಗೆ ನಿಂತಿದೀರಾ?" ಎಂದು ನಕ್ಕವಳು ತಟ್ಟನೆ ನಗು ನಿಲ್ಲಿಸಿದಳು. ನಾನು ನಗಲಿಲ್ಲ. ಹಸಿ ಅರಿಶಿನದ ಆ ಘಾಟು ಮೂಗಿಗೆ ಹೊಕ್ಕಿತ್ತು. ಅಕ್ಕೋರು ನೆನಪಾಗಿದ್ದರು...

ಅವರ ಹೆಸರು ಬರೆಯುವ ಹಕ್ಕು ನನಗಿಲ್ಲ. ಧಾರವಾಡದ ಕಡೆ ಶಾಲೆಯ ಟೀಚರಮ್ಮನನ್ನು ಅಕ್ಕೋರು ಅನ್ನುತ್ತಾರೆ. ಅವರು ಅಲ್ಲಿ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ಇಲ್ಲಿ ಅಮೆರಿಕದಲ್ಲಿ ನಮ್ಮವರೆಲ್ಲ ಅವರನ್ನು ಆಂಟಿ ಎನ್ನುತ್ತಿದ್ದರು. ನಾನೊಬ್ಬನೇ ಅಕ್ಕೋರೆ ಎನ್ನುತ್ತಿದ್ದೆ, ಅದು ಅವರಿಗೆ ಇಷ್ಟವಾಗಿತ್ತು.

ನಾನು ಎಸ್ಸೆಸ್ಸೆಲ್ಸಿ ಮಾಡಿ ಮೈಸೂರಿನ ಮಂಡಿ ಮೊಹಲ್ಲಾದ ಪೀಠೋಪಕರಣದ ಅಂಗಡಿಯೊಂದಕ್ಕೆ ಪಾಲಿಶ್ ಕೆಲಸಕ್ಕೆ ಸೇರಿದವನು. ಬೀಟೆ, ತೇಗ, ಹಲಸು ಮುಟ್ಟುತ್ತಲೇ ಕೂದಲು ಬೆಳ್ಳಗಾಯಿತು. ಕೋವಿಡ್‌ನ ಎರಡನೇ ಅಲೆಯಲ್ಲಿ ಹೆಂಡತಿ ಹೋದಳು. ಮಗಳು ನಮ್ಮಿಬ್ಬರಿಗೂ ಗ್ರೀನ್ ಕಾರ್ಡಿಗೆ ಅಪ್ಲೈ ಮಾಡಿದ್ದಳು. ಬಂದವನು ನಾನೊಬ್ಬನೇ. ಎಲಿಕಾಟ್ ಸಿಟಿಯ ಈ ಮನೆಯ ಸೋಫಾದ ಒಂದು ಮೂಲೆ ನನ್ನ ಜಾಗವಾಯಿತು. ಬೆಳಿಗ್ಗೆ ಮಗಳು, ಅಳಿಯ ಲ್ಯಾಪ್‌ಟಾಪ್ ತೆರೆದರೆ ನಾನು ಕೆಮ್ಮುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದೆ.

ಅಕ್ಕೋರನ್ನು ಮೊದಲು ಕಂಡದ್ದು ಹತ್ತಿರದ ಲ್ಯಾನ್‌ಹ್ಯಾಮ್‌ನ ದೇವಸ್ಥಾನದಲ್ಲಿ, ಊಟದ ಸಾಲಿನಲ್ಲಿ. ಪಕ್ಕದಲ್ಲಿದ್ದ ಮರದ ಬೆಂಚಿನ ಬಣ್ಣವನ್ನು ಉಗುರಿನಿಂದ ಕೆರೆದು ನೋಡಿ ನಾನು ಮುಖ ಸಿಂಡರಿಸಿದ್ದೆ. ಹಿಂದಿನಿಂದ ಒಂದು ದನಿ ಬಂತು. "ಏನ್ರೀ, ದೇವರ ಗುಡಿ ಬೆಂಚಿಗೂ ಮಾರ್ಕ್ಸ್ ಹಾಕ್ತೀರೇನು? ಎಷ್ಟು ಕೊಟ್ರಿ?" ತಿರುಗಿದರೆ ಇಳಕಲ್ ಸೀರೆ, ಕಾಲಲ್ಲಿ ಬಿಳಿ ಸ್ನೀಕರ್ಸ್, ಕತ್ತಿಗೆ ನೇತುಹಾಕಿದ ಕನ್ನಡಕ. "ಫೇಲ್ ಅಮ್ಮಾ" ಎಂದೆ. ಅವರು ಗಟ್ಟಿಯಾಗಿ ನಕ್ಕರು. ಸಾಲು ಮುಂದೆ ಸರಿಯುವಷ್ಟರಲ್ಲಿ ನನ್ನ ಊರು, ಕಸುಬು ಎಲ್ಲ ಕೇಳಿ ತಿಳಿದುಕೊಂಡಿದ್ದರು. "ಮೈಸೂರಿನವ್ರ, ನಿಮಗೊಂದು ಮನಿ ತೋರಿಸ್ತೀನಿ. ಅದಕ್ಕ ನೀವು ಪಾಸ್ ಕೊಡಲಿಲ್ಲ ಅಂದ್ರ ನಾ ನನ್ನ ಕಾರ್ ಮಾರ್ತೀನಿ" ಎಂದರು.

ಆ ಮನೆ ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ. ಅದು ಮೂಲದಲ್ಲಿ ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ನಾನೂರು ವರ್ಷಕ್ಕೂ ಹಿಂದೆ ಕಟ್ಟಿದ ಮನೆ. ಮೊದಲು ಕಟ್ಟಿಸಿದವನು ಉಣ್ಣೆಯ ವ್ಯಾಪಾರಿ. ಅವನ ವಂಶದವರು ಆರೋ ಏಳೋ ತಲೆಮಾರು ಬಾಳಿ ಮಾರಿಕೊಂಡರು. ಆಮೇಲೆ ಹಿಂದೂಸ್ಥಾನದಿಂದ ಹಿಂತಿರುಗಿದ ಒಬ್ಬ ಸೇನಾಧಿಕಾರಿ ಕೊಂಡು, ಎರಡು ರೆಕ್ಕೆಗಳಂತೆ ಎರಡು ಕಡೆಯೂ ಕೋಣೆ ಸೇರಿಸಿ ದೊಡ್ಡದು ಮಾಡಿದ. ಕಾಲ ಬದಲಾಗಿ ಆಳುಗಳಿಲ್ಲದೆ, ಸೂರು ಸೋರಿ, ಮನೆ ಹರಾಜಿಗೆ ಬಂತು. ಡಬ್ಬಿ ಆಹಾರದ ವ್ಯಾಪಾರದಲ್ಲಿ ಶ್ರೀಮಂತನಾದ ಅಮೆರಿಕದವನೊಬ್ಬ ಅದನ್ನು ಕೊಂಡ. ತೊಲೆ ತೊಲೆಗೂ, ಕಲ್ಲು ಕಲ್ಲಿಗೂ ಗುರುತು ಹಾಕಿ ಬಿಚ್ಚಿಸಿ, ಹಡಗಿನಲ್ಲಿ ತರಿಸಿ, ಇಲ್ಲಿಯ ನದಿದಿಬ್ಬದ ಮೇಲೆ ಮತ್ತೆ ಜೋಡಿಸಿದ. ಅವನ ಹೆಂಡತಿಗೆ ಮಾತ್ರ ಆ ಮನೆಯ ಚಳಿ ಹಿಡಿಸಲಿಲ್ಲವಂತೆ. ಈಗ ಅದು ಒಂದು ಟ್ರಸ್ಟಿನ ಮ್ಯೂಸಿಯಂ.

ಅಕ್ಕೋರು ಅಲ್ಲಿ ವಾಲಂಟಿಯರ್ ಆಗಿ ಬಂದವರಿಗೆ ಮನೆ ತೋರಿಸುತ್ತಿದ್ದರು. ಅವರ ಮಾತಿನಿಂದಲೇ ನನಗೂ ಅಲ್ಲಿ ಕೆಲಸ ಸಿಕ್ಕಿತು. ಬಾಗಿಲ ಬಳಿ ಕುರ್ಚಿಯಲ್ಲಿ ಕೂತು ಯಾರೂ ಏನೂ ಮುಟ್ಟದಂತೆ ನೋಡಿಕೊಳ್ಳುವುದು ನನ್ನ ಕೆಲಸ. ನನ್ನ ಇಂಗ್ಲಿಷಿಗೆ "ಪ್ಲೀಸ್ ಡೋಂಟ್ ಟಚ್" ಸಾಕಾಗಿತ್ತು. ಅಕ್ಕೋರೇ ತಮ್ಮ ಪುಟ್ಟ ಕಾರಿನಲ್ಲಿ ಕರೆದುಕೊಂಡು ಹೋಗಿ ಬಿಡುತ್ತಿದ್ದರು. "ಸೀಟ್ ಬೆಲ್ಟ್ ಹಾಕ್ಕೋರಿ ಮೈಸೂರಿನವ್ರ, ದಸರಾ ಅಂಬಾರಿ ಅಲ್ಲ ಇದು."

ಆ ಮನೆಯ ಮುಂಬಾಗಿಲಿಗೆ ಓಕ್ ಮರದ ಹೊಸ್ತಿಲಿತ್ತು. ಅಮೆರಿಕಕ್ಕೆ ಬಂದ ಮೇಲೆ ನಾನು ನೋಡಿದ ಮೊದಲ ನಿಜವಾದ ಹೊಸ್ತಿಲು ಅದು. ಮಗಳ ಮನೆಯಲ್ಲಿ ಬಾಗಿಲಿಗೆ ಒಂದು ತಗಡಿನ ಪಟ್ಟಿ, ಆಚೆ ಕಾಂಕ್ರೀಟು, ಈಚೆ ಕಾರ್ಪೆಟ್ಟು. ಇಲ್ಲಿ ಅಂಗೈ ಅಗಲದ ಮರ, ಕಾಲು ತಾಗಿ ತಾಗಿ ನಡುವೆ ದೋಣಿಯ ಹಾಗೆ ಸವೆದಿತ್ತು. ಅಕ್ಕೋರ ಕತೆ ಶುರುವಾಗುತ್ತಿದ್ದದ್ದೇ ಅಲ್ಲಿಂದ. ಯಜಮಾನರ ಹೆಸರಿಗಿಂತ ಮೊದಲು ಆ ಹೊಸ್ತಿಲನ್ನು ದಿನಾ ಮಂಡಿಯೂರಿ ಉಜ್ಜುತ್ತಿದ್ದ ಕೆಲಸದ ಹುಡುಗಿಯರ ಮಾತು ಹೇಳುತ್ತಿದ್ದರು. "ನನ್ನ ತವರುಮನೆಯಲ್ಲಿ ಹೊಸ್ತಿಲು ತುಳಿಯುವುದಿಲ್ಲ, ದಾಟುತ್ತೇವೆ, ನೀವೂ ಹಾಗೆ ಮಾಡಿ" ಎನ್ನುತ್ತಿದ್ದರು. ದಪ್ಪ ದಪ್ಪ ಅಮೆರಿಕನ್ನರು ಕೊಕ್ಕರೆಗಳಂತೆ ಕಾಲೆತ್ತಿ ಒಳಗೆ ಬರುವುದನ್ನು ನೋಡಿ ನಾನು ಮುಖ ಆಚೆ ತಿರುಗಿಸಿ ನಗುತ್ತಿದ್ದೆ.

ಆದರೆ ಅಕ್ಕೋರ ಮನಸ್ಸಿನಲ್ಲಿ ಒಂದು ಮುಳ್ಳು ಮುರಿದುಕೊಂಡಿತ್ತು. ಮ್ಯೂಸಿಯಂನವರೇ ಅಚ್ಚು ಹಾಕಿಸಿದ ಪರಿಚಯದಲ್ಲಿ ಆ ಸೇನಾಧಿಕಾರಿಯ ಬಗ್ಗೆ, 'ಪೂರ್ವದೇಶದಲ್ಲಿ ಅವರಿಗೆ ಅದೃಷ್ಟ ಒಲಿಯಿತು' ಎಂದಷ್ಟೇ ಇತ್ತು. ಗೈಡುಗಳು ಅದನ್ನೇ ಹೇಳಬೇಕು. ಅವನು ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿದ್ದವನು, ಲೂಟಿಯಲ್ಲಿ ಪಾಲು ಪಡೆದವನು ಎಂಬುದು ಇಂಗ್ಲೆಂಡಿನವರೇ ಬರೆದಿಟ್ಟ ಸಂಗತಿ, ಗುಟ್ಟೇನಲ್ಲ. ಇಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ. "ಅದೃಷ್ಟ ಅಂತ! ಯಾರ ಅದೃಷ್ಟ ಯಾರಿಗೆ ಒಲೀತು? ನಿಮ್ಮ ಊರ ಪಕ್ಕದ್ದ ಅಲ್ರಿ ಇದು, ನಿಮಗ ಸಿಟ್ಟು ಬರಂಗಿಲ್ಲೇನು?" ಎಂದು ಕಾರಿನಲ್ಲಿ ಸ್ಟೀರಿಂಗ್ ಮೇಲೆ ಹೊಡೆಯುತ್ತಿದ್ದರು. ಸತ್ಯ ಹೇಳಬೇಕೆಂದರೆ ನನಗೆ ಸಿಟ್ಟು ಬರುತ್ತಿರಲಿಲ್ಲ. ಅಕ್ಕೋರು ಎರಡೂ ಕೈ ಸ್ಟೀರಿಂಗ್ ಮೇಲಿಡಲಿ ಎಂದಷ್ಟೇ ಅನ್ನಿಸುತ್ತಿತ್ತು.

ಆ ಮಾತನ್ನು ಬಂದವರ ಮುಂದೆ ಹೇಳಲು ಅವಕಾಶ ಕೊಡಿ ಎಂದು ಅವರು ಅಲ್ಲಿಯ ಮ್ಯಾನೇಜರಮ್ಮನನ್ನು ಕೇಳಿಕೊಳ್ಳುತ್ತಲೇ ಬಂದರು. ಮ್ಯಾನೇಜರಮ್ಮ ಕೆಟ್ಟವಳಲ್ಲ, ಟ್ರಸ್ಟಿಗಳಿಗೆ ಹೆದರುವವಳು. ಕಡೆಗೆ ಆ ವಸಂತದಲ್ಲಿ ಟ್ರಸ್ಟಿಗಳು ಒಪ್ಪಿದರು. ಒಂದು ಶನಿವಾರ ಅಕ್ಕೋರೇ ಒಂದು ವಿಶೇಷ ಟೂರ್ ಮಾಡಬೇಕು, ಟ್ರಸ್ಟಿಗಳೂ ಬಂದು ಕೇಳುತ್ತಾರೆ. ಅವರಿಗೆ ಸರಿಯೆನಿಸಿದರೆ ಇನ್ನು ಮುಂದೆ ಎಲ್ಲ ಗೈಡುಗಳೂ ಅದನ್ನೇ ಹೇಳುತ್ತಾರೆ. ಆ ಸುದ್ದಿ ಬಂದ ದಿನ ಅಕ್ಕೋರು ಕಾರು ನಿಲ್ಲಿಸಿ ನನಗೆ ಕಾಫಿ ಕೊಡಿಸಿದರು. "ಇನ್ನ ದಿನಾ ಕಾರಿನಾಗ ನನ್ನ ಪಾಠ ಕೇಳಬೇಕು ತಮ್ಮಾ" ಎಂದರು. ಅವರು ನನ್ನನ್ನು ತಮ್ಮಾ ಎಂದದ್ದು ಅದೇ ಮೊದಲು.

ಮುಂದಿನದನ್ನು ಬರೆಯುವುದಕ್ಕೆ ಕೈ ಹಿಂಜರಿಯುತ್ತದೆ...

ನನ್ನ ಹೆಂಡತಿ ಪ್ರತಿ ಶುಕ್ರವಾರ ಹೊಸ್ತಿಲು ತೊಳೆದು ಅರಿಶಿನ ಹಚ್ಚುತ್ತಿದ್ದಳು. ಮನೆಯಲ್ಲಿ ಯಾರಿಗಾದರೂ ಪರೀಕ್ಷೆಯೋ ಪ್ರಯಾಣವೋ ಇದ್ದರೆ ತಪ್ಪದೆ ಹಚ್ಚುತ್ತಿದ್ದಳು. ಟೂರಿನ ಹಿಂದಿನ ದಿನ ಶುಕ್ರವಾರ. ಸಿದ್ಧತೆಗೆಂದು ನಾವೆಲ್ಲ ಬೇಗ ಹೋಗಿದ್ದೆವು. ಅಕ್ಕೋರು ಮಹಡಿಯ ಮೇಲೆ ಮಾತು ಅಭ್ಯಾಸ ಮಾಡುತ್ತಿದ್ದರು. ನಾನು ಮಗಳ ಅಡುಗೆಮನೆಯಿಂದ ಪುಟ್ಟ ಡಬ್ಬಿಯಲ್ಲಿ ಅರಿಶಿನ ತಂದಿದ್ದೆ. ನೀರಲ್ಲಿ ಕಲಸಿ ಹೊಸ್ತಿಲಿನ ಎರಡು ಕೊನೆಗೂ ಹಚ್ಚಿ, ಕೈಮುಗಿದು, ಅಕ್ಕೋರ ಮಾತು ಚೆನ್ನಾಗಿ ನಡೆಯಲಿ ಅಂದುಕೊಂಡೆ. ಕಣ್ಣಲ್ಲಿ ನೀರು ಬಂತು. ಅದು ಹೆಂಡತಿಗಾಗಿಯೋ ಅಕ್ಕೋರಿಗಾಗಿಯೋ ಗೊತ್ತಿಲ್ಲ. ಯಾರಾದರೂ ಬರುವ ಮೊದಲು ಒರೆಸಿಬಿಡಬಹುದು ಎಂದುಕೊಂಡಿದ್ದೆ.

ಹೊಸ್ತಿಲಿಗೆ ಮೇಣ ಮತ್ತೆ ಹಚ್ಚುವುದಕ್ಕೆಂದು ಹಳೆಯ ಮೇಣವನ್ನೆಲ್ಲ ಆ ವಾರವೇ ತೆಗೆದಿದ್ದರು. ಮರ ಬರಿಮೈಯಲ್ಲಿತ್ತು. ಬರಿಮೈಯ ಹಳೆ ಮರ ಬಾಯಾರಿದ ಎಮ್ಮೆಯಂತೆ ಹೀರುತ್ತದೆ ಎಂದು ಎಷ್ಟು ಹುಡುಗರಿಗೆ ಹೇಳಿಕೊಟ್ಟಿದ್ದೇನೋ! ನನಗೇ ಅದು ಆ ಹೊತ್ತಿಗೆ ಹೊಳೆಯಲಿಲ್ಲ. ಒರೆಸಿದೆ, ಹೋಗಲಿಲ್ಲ. ಗಾಬರಿಯಲ್ಲಿ ಬಚ್ಚಲಿನ ಸೋಪು ತಂದು ಉಜ್ಜಿದೆ. ಅರಿಶಿನಕ್ಕೆ ಸೋಪು ತಾಗಿದರೆ ಏನಾಗುತ್ತದೆ ಎಂದು ನಮ್ಮ ಕಡೆ ಬಟ್ಟೆ ಒಗೆದವರಿಗೆಲ್ಲ ಗೊತ್ತು. ಹಳದಿ ಕೆಂಪಾಯಿತು. ಉಜ್ಜಿದಷ್ಟೂ ಹರಡಿ, ನಾನೂರು ವರ್ಷದ ಆ ಮರದ ಮೇಲೆ ಯಾರೋ ಕೋಳಿ ಕೊಯ್ದ ಹಾಗೆ ಕಂಡಿತು.

ಹೆಜ್ಜೆ ಸಪ್ಪಳ ಕೇಳಿ ನಾನು ಎದ್ದು ಹೋಗಿ ಕುರ್ಚಿಯ ಪಕ್ಕ ನಿಂತೆ. ಮ್ಯಾನೇಜರಮ್ಮ ಬಾಗಿಲಿಗೆ ಬಂದವಳು ಬಾಯಿಗೆ ಕೈ ಹಿಡಿದು ನಿಂತುಬಿಟ್ಟಳು. "ಬ್ಲಡ್?" ಎಂದದ್ದು ನನಗೂ ಅರ್ಥವಾಯಿತು. ಅವಳ ಕೂಗಿಗೆ ಅಕ್ಕೋರು ಮೆಟ್ಟಿಲಿಳಿದು ಬಂದರು. ಹೊಸ್ತಿಲು ನೋಡಿದರು. ಬಗ್ಗಿ ಮೂಸಿದರು. ಆಮೇಲೆ ನನ್ನ ಮುಖ ನೋಡಲಿಲ್ಲ, ನನ್ನ ಉಗುರು ನೋಡಿದರು. ಹತ್ತೂ ಉಗುರಿನ ಸಂದಿಯಲ್ಲಿ ಹಳದಿ.

"ಕೈ ಜೇಬಿನಾಗ ಇಟ್ಕೋರಿ" ಎಂದರು, ಮೆಲ್ಲಗೆ, ಹವಾಮಾನದ ಮಾತಾಡುವವರ ಹಾಗೆ.

ನಾನು ಇಟ್ಟುಕೊಂಡೆ.

ಅವರಿಬ್ಬರೂ ಇಂಗ್ಲಿಷಿನಲ್ಲಿ ಮಾತಾಡಿದರು. ಇದು ಅರಿಶಿನ, ರಕ್ತವಲ್ಲ, ನಮ್ಮಲ್ಲಿ ಇದು ಗೌರವ ಎಂದು ಅಕ್ಕೋರು ಹೇಳುತ್ತಿದ್ದದ್ದು ತಿಳಿಯಿತು. ಯಾರು ಮಾಡಿದ್ದು ಎಂದು ಅವಳು ಕೇಳಿದಳು. ಅಕ್ಕೋರು ತಾವೆಂದೂ ಹೇಳಲಿಲ್ಲ, ಬೇರೆಯವರೆಂದೂ ಹೇಳಲಿಲ್ಲ. ಹೊಸ್ತಿಲು ದಾಟಿ ಎಂದು ಎಲ್ಲರಿಗೂ ಹೇಳುತ್ತಿದ್ದವರು ಅವರು. ಲೂಟಿಯ ಮಾತಾಡಬೇಕೆಂದು ಬೆನ್ನುಬಿದ್ದವರೂ ಅವರೇ. ಆ ಮಾತಾಡುವ ಹಿಂದಿನ ದಿನವೇ ಹೊಸ್ತಿಲ ಮೇಲೆ ಕೆಂಪು ಬಣ್ಣ... ಮ್ಯಾನೇಜರಮ್ಮ ಲೆಕ್ಕ ಹಾಕಿದ್ದು ಅವಳ ಮುಖದಲ್ಲೇ ಕಂಡಿತು. ಪಕ್ಕದಲ್ಲಿ ನಿಂತ ಮುದುಕನ ಕಡೆ ಅವಳು ತಿರುಗಿಯೂ ನೋಡಲಿಲ್ಲ. ಯಾರದೆಂದು ಗೊತ್ತಾಗುವವರೆಗೆ ನಾಳೆಯ ಟೂರ್ ಇಲ್ಲ ಎಂದಳು.

ಹಿಂತಿರುಗುವಾಗ ಕಾರಿನಲ್ಲಿ ಅಕ್ಕೋರು ರೇಡಿಯೋ ಹಾಕಲಿಲ್ಲ. ಹೈವೇ ಬಿಟ್ಟು ನಮ್ಮ ಬೀದಿಗೆ ತಿರುಗುವವರೆಗೂ ನಾನು ಬಾಯಿ ಬಿಡಲಿ ಎಂದು ಕಾದರು. ಕಡೆಗೆ ನಾನು, "ಅಕ್ಕೋರೆ, ಪೊಲೀಸ್‌ಗೆ ಕೊಡ್ತಾರಾ?" ಎಂದೆ. ನನ್ನಿಂದ ಹೊರಟ ಮೊದಲ ಮಾತು ಅದು.

"ಅರಿಶಿಣಕ್ಕ ಯಾವ ಪೊಲೀಸ್ರಿ? ಸುಮ್ನಿರ್ರಿ" ಎಂದರು. ಆಮೇಲೆ, "ನಾಳೆ ಮುಂಜಾನೆ ಆಕಿಗೆ ಹೇಳ್ರಿ ತಮ್ಮಾ. ಒಳ್ಳೇದಕ್ಕ ಮಾಡಿದ್ದು ಅಂತ ನಾ ಬಿಡಿಸಿ ಹೇಳ್ತೀನಿ. ಮುಂದಿನ ವಾರನಾದ್ರೂ ಟೂರ್ ಆಗ್ತದ. ಇವತ್ತು ಬ್ಯಾಡ, ಇವತ್ತು ನಿಮ್ಮ ಮಾರಿ ನೋಡಿದ್ರ ಆಕಿ ಖರೇನ ಖೂನಿ ಆಗೇದ ಅಂತ ತಿಳೀತಾಳ."

"ಹೇಳ್ತೀನಿ" ಎಂದೆ.

ಮನೆಯಲ್ಲಿ ಅಳಿಯನನ್ನು ಸುತ್ತಿಬಳಸಿ ಕೇಳಿದೆ, ಮ್ಯೂಸಿಯಂ ಸಾಮಾನು ಹಾಳು ಮಾಡಿದರೆ ಏನು ಮಾಡುತ್ತಾರೆ ಎಂದು. "ಯಾರು ಮಾಡಿದ್ದು ಮಾವ? ಕೇಸ್ ಹಾಕಬಹುದು. ನೀವು ಅದರಲ್ಲೆಲ್ಲ ಇನ್ವಾಲ್ವ್ ಆಗ್ಬೇಡಿ, ಗ್ರೀನ್ ಕಾರ್ಡ್ ಹೊಸದು" ಎಂದ, ಕಣ್ಣು ಲ್ಯಾಪ್‌ಟಾಪ್ ಮೇಲೇ ಇತ್ತು. ನನಗೆ ಅಷ್ಟೇ ಬೇಕಾಗಿತ್ತು. ಶನಿವಾರ ಜ್ವರವೆಂದು ಹೇಳಿ ಹೊದ್ದು ಮಲಗಿದೆ. ಫೋನು ತಲೆದಿಂಬಿನ ಕೆಳಗೆ ಗುಂಯ್‌ಗುಡುತ್ತಿತ್ತು. ಅಕ್ಕೋರು. ಮತ್ತೆ ಅಕ್ಕೋರು. ಮಧ್ಯಾಹ್ನವೂ ಅಕ್ಕೋರು. ಕೊನೆಗೆ ಅದನ್ನು ಆಫ್ ಮಾಡಿದೆ.

ಭಯ ಮಾತ್ರವೇ ಕಾರಣವಾಗಿದ್ದರೆ ನನ್ನನ್ನು ನಾನು ಎಂದಾದರೂ ಕ್ಷಮಿಸಿಕೊಳ್ಳುತ್ತಿದ್ದೆನೇನೋ. ನನಗೆ ಆ ಕುರ್ಚಿ ಬೇಕಾಗಿತ್ತು. ಆ ಬಾಗಿಲ ಬಳಿ ಕೂತಾಗ ಮಾತ್ರ ನಾನು ಯಾರದೋ ಮನೆಯ ಸೋಫಾದ ಮೂಲೆಯಲ್ಲಿರುವ ಮುದುಕನಾಗಿರಲಿಲ್ಲ. ಎದೆಯ ಮೇಲೆ ಹೆಸರಿನ ಬಿಲ್ಲೆಯಿತ್ತು, ಬಂದವರು "ಸರ್" ಎನ್ನುತ್ತಿದ್ದರು. ಅದನ್ನು ಬಿಡಲಾರದೆ ಅಕ್ಕೋರನ್ನು ಬಿಟ್ಟೆ.

ಮುಂದಿನ ವಾರ ಹೋದಾಗ ಅಕ್ಕೋರನ್ನು ತೆಗೆದಿದ್ದರು. ಟೂರ್ ಮುಂದಕ್ಕೆ ಹೋಯಿತು ಎಂದರು, ಆಮೇಲೆ ಅದರ ಮಾತೇ ಬರಲಿಲ್ಲ. ಅಂದಿನಿಂದ ನನ್ನನ್ನು ಮಗಳು ಬಿಟ್ಟು ಬರುತ್ತಿದ್ದಳು. ದೇವಸ್ಥಾನಕ್ಕೆ ಅಕ್ಕೋರು ಬಾರದ ಹೊತ್ತು ನೋಡಿ ಹೋಗುತ್ತಿದ್ದೆ. ಆದರೂ ಒಂದು ದಿನ ಪಾರ್ಕಿಂಗಿನಲ್ಲಿ ಎದುರಾದರು. ಜೊತೆಗಿದ್ದ ಅವರ ಮಗನಿಗೆ ನಾರ್ತ್ ಕ್ಯಾರೊಲಿನಾದಲ್ಲಿ ಕೆಲಸ ಸಿಕ್ಕಿ ಮನೆಯವರೆಲ್ಲ ಅಲ್ಲಿಗೆ ಹೊರಟಿದ್ದರು, ದೇವರಿಗೆ ಕೈಮುಗಿಯಲು ಬಂದಿದ್ದರು.

"ಏನ್ರೀ ಮೈಸೂರಿನವ್ರ, ಕುರ್ಚಿ ಆರಾಮದೇನು?" ಎಂದರು.

ನಾನು ತಲೆ ತಗ್ಗಿಸಿದೆ.

"ಈಗ ಯಾರು ಹೇಳ್ತಾರ ಅಲ್ಲಿ?"

"ಒಬ್ಬಳು ಕಾಲೇಜ್ ಹುಡುಗಿ."

"ಅದೃಷ್ಟ ಅಂತಾಳೇನು?"

"ಹೂಂ ಅಕ್ಕೋರೆ."

"ಅನ್ಲಿ" ಎಂದರು. ಸ್ವಲ್ಪ ಹೊತ್ತು ಕಾರಿನ ಬಾಗಿಲು ಹಿಡಿದು ನಿಂತಿದ್ದರು. ಆಗಲಾದರೂ ನಾನು ಕಾಲು ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಮಗ ಹಾರ್ನ್ ಮಾಡಿದ. ಅವರು ಹೋದರು...

ಬೇಸಿಗೆಯೆಲ್ಲ ನಾನು ಆ ಬಾಗಿಲ ಬಳಿಯೇ ಕೂತೆ. ಸೋಪಿನ ಕೆಂಪು ಬೇಗನೆ ಇಳಿದು ಮತ್ತೆ ಹಳದಿಯಾಯಿತು. ಆ ಹಳದಿಯ ಮೇಲೆ ದಕ್ಷಿಣದ ಬಿಸಿಲು ಬೀಳುತ್ತಿತ್ತು. ಅರಿಶಿನದ ಕಲೆಯನ್ನು ಬಿಸಿಲು ತಿನ್ನುತ್ತದೆ. ಹೆಂಡತಿ ನನ್ನ ಬಿಳಿ ಅಂಗಿಗಳನ್ನು ಮಾಳಿಗೆಯ ಮೇಲೆ ಒಣಹಾಕುತ್ತಿದ್ದದ್ದೇ ಅದಕ್ಕೆ. ದಿನದಿನಕ್ಕೆ ಕಲೆ ತೆಳುವಾಗುತ್ತಿತ್ತು. ಒಂದು ಕಡೆ ಎದೆ ಹಗುರಾಗುತ್ತಿತ್ತು, ಇನ್ನೊಂದು ಕಡೆ, ಇದು ಪೂರ್ತಿ ಹೋಗುವ ಮೊದಲು ಹೇಳಿಬಿಡು ಎಂದು ಮನಸ್ಸು ಚುಚ್ಚುತ್ತಿತ್ತು. ಎಲೆ ಉದುರುವ ಹೊತ್ತಿಗೆ ಕಲೆ ಇರಲಿಲ್ಲ. ಕಲೆ ಹೋಗಲೆಂದು ತಡೆಹಿಡಿದಿದ್ದ ಮೇಣ ಹಚ್ಚಿದರು. ಹೊಸ್ತಿಲು ಮೊದಲಿನ ಹಾಗಾಯಿತು.

ಕಳೆದ ಚಳಿಗಾಲದಲ್ಲಿ ಕನ್ನಡ ಸಂಘದ ವಾಟ್ಸ್ಯಾಪ್ ಗುಂಪಿನಲ್ಲಿ ಅಕ್ಕೋರ ಫೋಟೋ ಬಂತು, ಹೂವಿನ ಹಾರ ಹಾಕಿದ ಫೋಟೋ. ನಿದ್ದೆಯಲ್ಲೇ ಹೋದರಂತೆ.

ಅದಾದ ಮೇಲೆ ಮಗಳಿಗೆ ಎಲ್ಲ ಹೇಳಿದೆ. ಅವಳು ಲ್ಯಾಪ್‌ಟಾಪ್ ಮುಚ್ಚಿ, "ನನಗಾದ್ರೂ ಹೇಳಬಹುದಿತ್ತಲ್ಲ ಅಪ್ಪಾ" ಎಂದಳು. ಅವಳನ್ನೇ ಕರೆದುಕೊಂಡು ಹೋಗಿ ಮ್ಯಾನೇಜರಮ್ಮನ ಮುಂದೆ ಕೂತೆ. ನಾನು ಕನ್ನಡದಲ್ಲಿ ಹೇಳಿದೆ, ಮಗಳು ಇಂಗ್ಲಿಷಿನಲ್ಲಿ ಹೇಳಿದಳು. ಕೈಗಳನ್ನು ಜೇಬಿಗೆ ಹಾಕಲಿಲ್ಲ, ಮೇಜಿನ ಮೇಲೇ ಇಟ್ಟಿದ್ದೆ. ಮ್ಯಾನೇಜರಮ್ಮ ಎಲ್ಲ ಕೇಳಿ, ಎದ್ದು ಬಂದು ನನ್ನ ಕೈಯ ಮೇಲೆ ಕೈಯಿಟ್ಟು ಏನೋ ಹೇಳಿದಳು. ಮಗಳು ನನ್ನ ಮುಖ ನೋಡದೆ ಕನ್ನಡಕ್ಕೆ ತಂದಳು. "ನೀವು ತುಂಬ ಒಳ್ಳೆ ಫ್ರೆಂಡ್ ಅಂತೆ. ಆದ್ರೆ ಆಂಟಿ ಆ ಶನಿವಾರ ಸಂಜೆ ತಾವೇ ಫೋನ್ ಮಾಡಿ, ನಾನೇ ಮಾಡಿದ್ದು, ಬೇರೆ ಯಾರನ್ನೂ ಕೇಳ್ಬೇಡಿ ಅಂದಿದ್ರಂತೆ. ಅವರ ಹೆಸರು ಉಳಿಸೋಕೆ ನೀವು ಹೀಗೆ ಹೇಳ್ತಿದೀರಾ ಅಂತ ಇವರು ಅನ್ಕೊಂಡಿದಾರೆ."

ಶನಿವಾರ ಸಂಜೆ. ಬೆಳಿಗ್ಗೆಯಿಂದ ನನಗೆ ಫೋನ್ ಮಾಡಿ ಮಾಡಿ, ಸಂಜೆಯವರೆಗೆ ಕಾದು... ನಾನು ಮತ್ತೆ ಮತ್ತೆ ಹೇಳಿದೆ, ನಾನೇ, ನಾನೇ ಎಂದು. ಇಂಗ್ಲಿಷಿನಲ್ಲೂ ಹೇಳಿದೆ. ಅವಳು ತಲೆಯಾಡಿಸುತ್ತ ನನಗೆ ನೀರು ಕೊಟ್ಟಳು.

ಇನ್ನು ಉಳಿದದ್ದು ಅಕ್ಕೋರ ಮಗ. ಎಷ್ಟೋ ದಿನ ನಂಬರು ಒತ್ತುವುದು, ಅಳಿಸುವುದು ಮಾಡುತ್ತಿದ್ದೆ. ಮೊನ್ನೆ ಆ ಅರಿಶಿನ ಚೆಲ್ಲಿದ ಸಂಜೆ ಫೋನ್ ಮಾಡಿದೆ. ಅವನು ಸಮಾಧಾನವಾಗಿ ಎಲ್ಲ ಕೇಳಿಸಿಕೊಂಡ. ಬೈದಿದ್ದರೆ ಚೆನ್ನಾಗಿತ್ತು. ಫೋನಿನ ಆ ಕಡೆ ಅವನ ಮಕ್ಕಳು ಏನೋ ಆಟಕ್ಕೆ ಜಗಳವಾಡುವುದು ಕೇಳುತ್ತಿತ್ತು.

"ಅಂಕಲ್, ನಾ ಅವತ್ತು ನಮ್ಮವ್ವಗ ಭಾಳ ಬೈದೆ" ಎಂದ. "ಈ ವಯಸ್ಸಿನಾಗ ನಿನಗ ಬುದ್ಧಿ ಇಲ್ಲೇನು, ನಮ್ಮ ಮರ್ಯಾದಿ ಕಳೀತಿ ಅಂದೆ. ಆಕಿ ನಕ್ಕು ಸುಮ್ನಾದ್ಲು. ಆಮ್ಯಾಲೆ ಆ ಮನಿ ಮಾತು ಬಂದಾಗೆಲ್ಲ ಅದನ್ನ ಆಡಿ ತೋರಿಸ್ತಿದ್ದೆ."

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಈಗ ನೀವು ಹೇಳಿ ಹಗುರಾದ್ರಿ. ನಾ ಬೈದದ್ದನ್ನ ಯಾರ ಮುಂದ ವಾಪಸ್ ತಗೋಬೇಕ್ರಿ ಅಂಕಲ್?"

ಮಕ್ಕಳ ಜಗಳ ಜೋರಾಯಿತು. ಅವನು "ಇಡ್ತೀನ್ರಿ" ಎಂದು ಇಟ್ಟ. ನಾನು ಹಗುರಾಗಿಲ್ಲ ಎಂದು ಅವನಿಗೆ ಹೇಳಬೇಕೆನಿಸಿತು. ಹೇಳಿದ್ದರೆ ಅದೂ ನನ್ನ ನೋವಿನ ಮಾತೇ ಆಗುತ್ತಿತ್ತು, ಅವನದಲ್ಲ.